ಗ್ಯಾರೇಜ್ ಕಟ್ಟೆ: ಸರ್ಟಿಫೈಡ್ ಕಾರಿನ ವಾರಂಟಿ ಎಲ್ಲಿವರೆಗೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಸೆಕೆಂಡ್ ಹ್ಯಾಂಡ್ ಕಾರಿನ ವಾರಂಟಿ ಬಗ್ಗೆ, ಅದರಲ್ಲೂ ‘ಸರ್ಟಿಫೈಡ್’, ಅಂದರೆ ತಪಾಸಣೆ ಮಾಡಿ ವಾರಂಟಿ ಸಮೇತ ಮಾರುವ ಹಳೆ ಕಾರುಗಳ ಬಗ್ಗೆ. ದಾವಣಗೆರೆಯಲ್ಲಿ ಸ್ವಂತ ಗ್ಯಾರೇಜ್ ಹಾಕುವ ಮೊದಲು ನಾನು ಒಬ್ಬ ಡೀಲರ್ ವರ್ಕ್‌ಶಾಪಿನ ವಾರಂಟಿ ಸೆಕ್ಷನ್ನಿನಲ್ಲಿ ಕೂರುತ್ತಿದ್ದೆ. ಕ್ಲೇಮುಗಳನ್ನು ಕಂಪನಿಗೆ ಕಳಿಸುವುದೇ ನನ್ನ ಕೆಲಸ. ಹಾಗಾಗಿ ಕೌಂಟರಿನ ಆ ಕಡೆ ಏನು ನಡೆಯುತ್ತದೆ ಅನ್ನುವುದನ್ನೂ ಸೇರಿಸಿ ಬರೆದಿದ್ದೇನೆ.

ಪ್ರಶ್ನೆ: ಐದು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಕಂಪನಿಯದೇ ಸರ್ಟಿಫೈಡ್ ಮಳಿಗೆಯಿಂದ 2019ರ ಎಎಂಟಿ (ಕ್ಲಚ್ ಪೆಡಲ್ ಇಲ್ಲದ) ಕಾರು ತಗೊಂಡೆ. 4 ಲಕ್ಷ 60 ಸಾವಿರ ಕೊಟ್ಟೆ. ಒಂದು ವರ್ಷ ವಾರಂಟಿ ಇದೆ. ‘ಏನೇ ಆದರೂ ನಮ್ಮದು ಮೇಡಂ’ ಅಂದಿದ್ದರು. 4,200 ಕಿ.ಮೀ. ಓಡಿಸುವಷ್ಟರಲ್ಲಿ ಗೇರ್ ಬೀಳುವುದೇ ನಿಂತಿತು. ಕ್ಲಚ್ ಹೋಗಿದೆ, ವಾರಂಟಿಗೆ ಬರಲ್ಲ, 28 ಸಾವಿರ ಆಗುತ್ತದೆ ಅನ್ನುತ್ತಿದ್ದಾರೆ. ಇದು ಸರಿಯಾ?
– ಶಿಕ್ಷಕಿ, ತಿಪಟೂರು

ಮೇಡಂ, ಮೊದಲು ಕಹಿ ಮಾತು. ‘ಏನೇ ಆದರೂ’ ಅನ್ನುವ ವಾರಂಟಿ ಹಳೆ ಕಾರಿಗೂ ಇಲ್ಲ, ಹೊಸ ಕಾರಿಗೂ ಇಲ್ಲ. ಕೆಟ್ಟು ಹೋದದ್ದಕ್ಕೆ ವಾರಂಟಿ, ಸವೆದು ಹೋದದ್ದಕ್ಕೆ ಇಲ್ಲ. ಚಪ್ಪಲಿಯ ಅಟ್ಟೆ ಸವೆಯಿತು ಅಂತ ಅಂಗಡಿಯವನು ಹೊಸ ಜೋಡಿ ಕೊಡಲ್ಲ ಅಲ್ವಾ, ಹಾಗೆ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟಯರ್, ಬ್ಯಾಟರಿ, ವೈಪರ್, ಬಲ್ಬ್, ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ಸಾಮಾನ್ಯವಾಗಿ ಹೊರಗೇ ಇರುತ್ತವೆ. ನಿಮ್ಮ ವಾರಂಟಿ ಪುಸ್ತಕದ ಹಿಂದಿನ ಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ ಆ ಪಟ್ಟಿ ಸಿಗುತ್ತದೆ.

ಆದರೆ ನಿಮ್ಮ ವಿಷಯ ಅಲ್ಲಿಗೇ ಮುಗಿಯಲ್ಲ. ನಿಮ್ಮದು ಎಎಂಟಿ. ಒಳಗಿರುವುದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ. ನಿಮ್ಮ ಎಡಗಾಲು, ಎಡಗೈ ಮಾಡಬೇಕಾದ ಕೆಲಸವನ್ನು ಆಕ್ಚುವೇಟರ್ ಅನ್ನುವ ಒಂದು ಸಾಧನ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಕ್ಲಚ್ ಪ್ಲೇಟ್ ಸವೆದರೆ ಅದು ಮೊದಲೇ ಸೂಚನೆ ಕೊಡುತ್ತದೆ. ಎಂಜಿನ್ ಸದ್ದು ಏರುತ್ತದೆ, ಗಾಡಿ ಎಳೆಯಲ್ಲ, ಏರಿನಲ್ಲಿ ಸುಟ್ಟ ವಾಸನೆ ಬರುತ್ತದೆ. ಇದೆಲ್ಲ ಏನೂ ಇಲ್ಲದೆ ಒಂದು ದಿನ ಇದ್ದಕ್ಕಿದ್ದಂತೆ ಗೇರ್ ಬೀಳದೆ ಹೋಯಿತು, ಡ್ಯಾಶ್‌ಬೋರ್ಡಿನಲ್ಲಿ ಗೇರ್ ಗುರುತು ಮಿಣುಕಿತು ಅಂದರೆ ನನಗೆ ಆಕ್ಚುವೇಟರ್ ಮೇಲೆ ಅನುಮಾನ. ಅದು ಸವೆಯುವ ಸಾಮಾನಲ್ಲ, ಕೆಡುವ ಸಾಮಾನು. ನಿಮ್ಮ ಪುಸ್ತಕದಲ್ಲಿ ಅದು ಸೇರಿದೆಯಾ ನೋಡಿ. ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿದರೆ ಯಾವ ಫಾಲ್ಟ್ ಕೋಡ್ ಬಂದಿದೆ ಅಂತ ತೋರಿಸುತ್ತದೆ. ಆ ಸ್ಕ್ಯಾನ್ ರಿಪೋರ್ಟಿನ ಪ್ರಿಂಟ್ ಕೇಳಿ. ಬಾಯಿ ಮಾತಿನ ‘ಕ್ಲಚ್ ಹೋಗಿದೆ’ ಸಾಲದು.

ನಿಜವಾಗಿಯೂ ಕ್ಲಚ್ಚೇ ಸವೆದಿದೆ ಅಂತಿಟ್ಟುಕೊಳ್ಳಿ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ. 4,200 ಕಿಲೋಮೀಟರಿಗೆ ಮುಗಿದ ಕ್ಲಚ್, ನೀವು ತಗೊಂಡ ದಿನ ಹೇಗಿತ್ತು? ಸರಿಯಾಗಿ ಓಡಿಸಿದರೆ ಕ್ಲಚ್ ಹತ್ತಾರು ಸಾವಿರ ಕಿಲೋಮೀಟರ್ ಬಾಳುತ್ತದೆ. ಸರ್ಟಿಫಿಕೇಟ್ ಜೊತೆ ಒಂದು ತಪಾಸಣೆ ಪಟ್ಟಿ ಕೊಟ್ಟಿರಬೇಕು. ಅದರಲ್ಲಿ ಕ್ಲಚ್ ಸಾಲಿಗೆ ಟಿಕ್ ಹಾಕಿದ್ದರೆ, ಆ ಟಿಕ್ಕೇ ನಿಮ್ಮ ದೊಡ್ಡ ಸಾಕ್ಷಿ. ಗೇರ್‌ಬಾಕ್ಸ್ ಬಿಚ್ಚಿ ಯಾರೂ ನೋಡಿರಲ್ಲ, ಒಂದು ಸುತ್ತು ಓಡಿಸಿ ಟಿಕ್ ಹಾಕಿರುತ್ತಾರೆ. ಅದು ಅವರ ತಲೆನೋವು, ನಿಮ್ಮದಲ್ಲ.

ಆ ಕಡೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ರಿಪೇರಿ ಮಾಡಿದ ಮೇಲೆ ವರ್ಕ್‌ಶಾಪಿನವರು ಕಂಪನಿಗೆ ಕ್ಲೇಮ್ ಹಾಕುತ್ತಾರೆ. ಫೋಟೋ ಬೇಕು, ಮೀಟರ್ ರೀಡಿಂಗ್ ಬೇಕು, ಕೆಟ್ಟ ಪಾರ್ಟಿಗೆ ಟ್ಯಾಗ್ ಕಟ್ಟಿ ಇಟ್ಟಿರಬೇಕು. ಕಂಪನಿ ಒಪ್ಪದಿದ್ದರೆ ಆ ದುಡ್ಡು ಡೀಲರ್ ಮೈಮೇಲೆ. ಅದಕ್ಕೇ ಅನುಮಾನ ಇದ್ದ ಕಡೆ ಸರ್ವಿಸ್ ಅಡ್ವೈಸರ್ ಮೊದಲು ಹೇಳುವ ಮಾತು ‘ಬರಲ್ಲ’. ಅವನು ಕೆಟ್ಟವನು ಅಂತಲ್ಲ, ಅವನ ಕುತ್ತಿಗೆಗೆ ಬರುತ್ತದೆ. ಕಾಗದ ಗಟ್ಟಿಯಾಗಿದ್ದರೆ ಅವನೇ ನಿಮ್ಮ ಪರವಾಗಿ ಕ್ಲೇಮ್ ಹಾಕುತ್ತಾನೆ.

ಆದ್ದರಿಂದ ವರ್ಕ್‌ಶಾಪಿನವರು ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ‘ಕ್ಲಚ್ ಬದಲಿಸಿ’ ಅಂತ ಬರೆಸಬೇಡಿ. ‘ಗೇರ್ ಬೀಳುತ್ತಿಲ್ಲ, ಕಾರಣ ಪತ್ತೆ ಮಾಡಿ’ ಅಂತ ನಿಮ್ಮ ಮಾತಿನಲ್ಲೇ ಬರೆಸಿ. ಗೇರ್‌ಬಾಕ್ಸ್ ಇಳಿಸಿ ನೋಡುವ ಮುಂಚೆ ಒಂದು ವಿಷಯ ಕೇಳಲೇಬೇಕು. ಕ್ಲೇಮ್ ಪಾಸ್ ಆಗದಿದ್ದರೆ ಬಿಚ್ಚಿದ ಕೂಲಿ ಯಾರದ್ದು? ಬಹಳ ಕಡೆ ಅದು ಗಿರಾಕಿಯದ್ದೇ. ತೆಗೆದ ಕ್ಲಚ್ ಪ್ಲೇಟನ್ನು ಎಸೆಯದೆ ಇಡಲು ಹೇಳಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ‘ಬರಲ್ಲ’ ಅನ್ನುವುದನ್ನು ಕಾರಣ ಸಮೇತ ಈಮೇಲಿನಲ್ಲಿ ಕೊಡಿ ಅನ್ನಿ. ನನ್ನ ಅನುಭವದಲ್ಲಿ ಅರ್ಧ ಜಗಳ ಇಲ್ಲೇ ಬಗೆಹರಿಯುತ್ತದೆ. ಬಾಯಲ್ಲಿ ಸಲೀಸಾಗಿ ಹೇಳಿದ್ದನ್ನು ಬರೆದುಕೊಡಲು ಕೈ ಬರಲ್ಲ.

ಆಮೇಲೆ ಡೀಲರನ್ನು ಬಿಟ್ಟು ನೇರವಾಗಿ ಕಂಪನಿಯ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ನಂಬರ್ ತಗೊಳ್ಳಿ. ಇಂಥ ಕೇಸಿನಲ್ಲಿ ‘ಗುಡ್‌ವಿಲ್’ ಅಂತ ಒಂದು ದಾರಿ ಇದೆ. ಪಾರ್ಟ್ ಕಂಪನಿದು, ಕೂಲಿ ನಿಮ್ಮದು ಅಂತ ರಾಜಿ ಆಗುತ್ತದೆ. ಅವರಾಗಿ ಹೇಳಲ್ಲ, ನೀವೇ ಕೇಳಬೇಕು. ಅದಕ್ಕೂ ಬಗ್ಗದಿದ್ದರೆ 1915, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಕಾರು ತಗೊಂಡದ್ದು ಬೆಂಗಳೂರಿನಲ್ಲಾದರೂ ನೀವು ತುಮಕೂರಿನಲ್ಲೇ ದೂರು ಹಾಕಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಸ ಇರುವ ಊರಿನಲ್ಲೇ ದೂರು ಕೊಡಲು ಬಿಡುತ್ತದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ.

ಪ್ರಶ್ನೆ: ‘ಸರ್ಟಿಫೈಡ್ ಕಾರ್ಸ್’ ಅಂತ ಬೋರ್ಡ್ ಹಾಕಿದ ಡೀಲರ್ ಹತ್ರ ಒಂದು ಡೀಸೆಲ್ ಕಾರು ನೋಡಿದ್ದೇನೆ ಅಣ್ಣಾ. ಕಂಪನಿ ಮಳಿಗೆಗಿಂತ 40 ಸಾವಿರ ಕಡಿಮೆ. ಆರು ತಿಂಗಳು ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಕೊಡುತ್ತಾರಂತೆ. ತಗೋಬಹುದಾ?
– ಹುಬ್ಬಳ್ಳಿಯ ಯುವಕ

ತಮ್ಮಾ, ಆ ಬೋರ್ಡ್ ಯಾರು ಬೇಕಾದರೂ ಬರೆಸಬಹುದು. ಮಾರುತಿಯ ಹಳೆ ಕಾರಿನ ಮಳಿಗೆ ಟ್ರೂ ವ್ಯಾಲ್ಯೂದವರು 376 ಅಂಶ ನೋಡುತ್ತೇವೆ ಅನ್ನುತ್ತಾರೆ, ಟೊಯೋಟಾದ ಯು ಟ್ರಸ್ಟ್‌ನವರು 203 ಅನ್ನುತ್ತಾರೆ. ನಾನು ಆ ಸಂಖ್ಯೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಲ್ಲ. ವಾರಂಟಿ ಕಾಗದದ ಮೇಲೆ ಯಾರ ಹೆಸರಿದೆ, ರಿಪೇರಿ ಎಲ್ಲಿ ಮಾಡಿಸಬೇಕು ಅಂತ ನೋಡುತ್ತೇನೆ. ಕಾರು ತಯಾರಿಸಿದ ಕಂಪನಿಯ ವಾರಂಟಿ ಇದ್ದರೆ ಕಾರವಾರದಲ್ಲಿ ನಿಂತರೂ ಅಲ್ಲಿನ ವರ್ಕ್‌ಶಾಪಿಗೆ ಹೋಗಬಹುದು. ಡೀಲರ್ ಸ್ವಂತ ವಾರಂಟಿ ಆದರೆ ಅವನ ಶೆಡ್ಡಿಗೇ ಎಳೆಸಿಕೊಂಡು ಬರಬೇಕು. ಆ ಟೋಯಿಂಗ್ ಖರ್ಚು ಯಾರದ್ದು ಅಂತಲೂ ಕೇಳು.

‘ಎಂಜಿನ್, ಗೇರ್‌ಬಾಕ್ಸ್’ ಅನ್ನುವುದು ಕೇಳಲು ದೊಡ್ಡದು. ಬಹಳ ಸಲ ಅದರ ಅರ್ಥ ಆಯಿಲ್ ತಾಗುವ ಒಳಭಾಗ ಮಾತ್ರ. ಡೀಸೆಲ್ ಕಾರಿನಲ್ಲಿ ಜೇಬು ಸುಡುವುದು ಹೊರಗೆ ಕೂತಿರುವ ಸಾಮಾನುಗಳು. ಟರ್ಬೊ, ಇಂಜೆಕ್ಟರ್, ಡೀಸೆಲ್ ಪಂಪ್, ಹೊಸ ಹೊಗೆ ನಿಯಮದ ಬಿಎಸ್6 ಗಾಡಿಯಾದರೆ ಹೊಗೆ ಸೋಸುವ ಡಿಪಿಎಫ್. ಒಂದೊಂದರ ಹೆಸರು ಹೇಳಿ ‘ಇದು ಬರುತ್ತಾ?’ ಅಂತ ಕೇಳಿ ಬರೆಸಿಕೊ. ಒಟ್ಟು ಎಷ್ಟು ರೂಪಾಯಿವರೆಗೆ ಕೊಡುತ್ತಾರೆ ಅನ್ನುವ ಮಿತಿಯೂ ಇರಬಹುದು. ಟರ್ಬೊ, ಇಂಜೆಕ್ಟರ್ ಬರಲ್ಲ ಅಂದರೆ ಆ 40 ಸಾವಿರದ ಉಳಿತಾಯವನ್ನು ನಾನು ಉಳಿತಾಯ ಅನ್ನಲ್ಲ.

ಇನ್ನೊಂದು. ನೀರಿನಲ್ಲಿ ಮುಳುಗಿದ ಕಾರಿಗೆ ಯಾವ ವಾರಂಟಿಯೂ ನಿಲ್ಲಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಯಮಲೂರು ಕಡೆ ಎಷ್ಟು ಕಾರು ಮುಳುಗಿದವು ಅಂತ ಟಿವಿಯಲ್ಲಿ ನೋಡಿದ್ದೀಯ. ಹಾಗೆ ನೆನೆದ ಕಾರು ತೊಳೆದು ಹೊಳಪಾಗಿ ಬೇರೆ ಊರಿನಲ್ಲಿ ಮಾರಾಟಕ್ಕೆ ನಿಲ್ಲುವುದು ಹೊಸದೇನಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆ ತುದಿಯಲ್ಲಿ ಕೆಸರಿನ ಕಲೆ ಇದೆಯಾ ನೋಡು. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯಾ ನೋಡು. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ಮಾರುವ ಡೀಲರಿಗೆ ಆರ್‌ಟಿಓ ಕಡೆಯಿಂದ ಅಧಿಕಾರ ಪತ್ರ ಬೇಕು ಅಂತ ನಿಯಮ ಇದೆ. ಅದನ್ನು ತೋರಿಸಿ ಅನ್ನು. ಮುಖ ನೋಡಿದರೇ ಗೊತ್ತಾಗುತ್ತದೆ.

ಪ್ರಶ್ನೆ: 2024ರ ನವೆಂಬರಿನ ಮಾರುತಿ ಕಾರು, 14,000 ಕಿ.ಮೀ. ಓಡಿದೆ. ಒಂದು ವರ್ಷದ ಸರ್ಟಿಫೈಡ್ ವಾರಂಟಿಗೆ ಬೇರೆ ದುಡ್ಡು ಕೇಳುತ್ತಿದ್ದಾರೆ. ಕೊಡಬೇಕಾ?
– ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಸಾರ್, ಬ್ಯಾಂಕಿನವರಿಗೆ ದಿನಾಂಕದ ಬೆಲೆ ನಾನು ಹೇಳಬೇಕಾಗಿಲ್ಲ. ಮಾರುತಿಯವರು 2024ರ ಜುಲೈನಲ್ಲಿ ಹೊಸ ಕಾರಿನ ವಾರಂಟಿಯನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿದರು. ಅದರ ಲೆಕ್ಕ ಮೊದಲ ಮಾಲೀಕರಿಗೆ ಡೆಲಿವರಿ ಆದ ದಿನದಿಂದ ಶುರು, ನೀವು ಕೊಂಡ ದಿನದಿಂದಲ್ಲ. ಅಂದರೆ 2027ರ ನವೆಂಬರ್‌ವರೆಗೆ ಕಂಪನಿಯ ವಾರಂಟಿ ಇದೆ. ಸರ್ಟಿಫೈಡ್ ವಾರಂಟಿ ಇವತ್ತಿನಿಂದಲೇ ಶುರುವಾಗುವುದಾದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ, ಸುಮ್ನೆ ದುಡ್ಡು ಕೊಟ್ಟ ಹಾಗೆ. ಹಳೆ ವಾರಂಟಿ ಮುಗಿದ ಮೇಲೆ ಶುರುವಾಗುತ್ತದೆ ಅಂತ ಬರೆದುಕೊಟ್ಟರೆ ಯೋಚಿಸಿ. ಮೊದಲ ಮಾಲೀಕರು ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿದ್ದರೆ ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇನ್ಶೂರೆನ್ಸನ್ನೂ 14 ದಿನದೊಳಗೆ ಹೆಸರಿಗೆ ಹಾಕಿಸಿಕೊಳ್ಳಬೇಕು. ಇದನ್ನು ಜನ ಆರ್‌ಸಿ ಬರಲಿ ಅಂತ ಕಾಯುತ್ತಾ ಮರೆತೇ ಬಿಡುತ್ತಾರೆ.

ಪ್ರಶ್ನೆ: ವಾರಂಟಿ ಇರುವಾಗ ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಬಹುದಾ? ಸಿಎನ್‌ಜಿ ಕಿಟ್ ಹಾಕಿಸುವ ಯೋಚನೆಯೂ ಇದೆ.
– ಓದುಗರು, ಮಂಗಳೂರು

ನಾನೇ ಹೊರಗಿನ ಗ್ಯಾರೇಜಿನವನು, ಬನ್ನಿ ಅನ್ನಬೇಕು. ಆದರೂ ವಾರಂಟಿ ಮುಗಿಯುವವರೆಗೆ ಕಂಪನಿ ವರ್ಕ್‌ಶಾಪಿಗೇ ಹೋಗಿ, ಹೇಳಿದ ತಿಂಗಳಿಗೇ ಹೋಗಿ. ಒಂದು ಸರ್ವಿಸ್ ತಪ್ಪಿದ್ದನ್ನು ತೋರಿಸಿ ಎಂಜಿನ್ ಕ್ಲೇಮ್ ತಳ್ಳಿ ಹಾಕುವುದು ಸುಲಭ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದರೆ ಎಂಜಿನ್ ವಾರಂಟಿಯ ಆಸೆ ಬಿಡಿ. ವೈರ್ ಕತ್ತರಿಸಿ ಫಾಗ್ ಲ್ಯಾಂಪ್, ದೊಡ್ಡ ಹಾರ್ನ್ ಹಾಕಿಸಿದರೂ ಎಲೆಕ್ಟ್ರಿಕಲ್ ಕ್ಲೇಮಿಗೆ ತಕರಾರು ಬರುತ್ತದೆ. ಪಂಕ್ಚರ್, ವೀಲ್ ಅಲೈನ್‌ಮೆಂಟ್, ವಾಟರ್ ವಾಶ್ ಎಲ್ಲಿ ಮಾಡಿಸಿದರೂ ನಡೆಯುತ್ತದೆ. ಸರ್ವಿಸ್ ಬಿಲ್ಲಿನಲ್ಲಿ ಮೀಟರ್ ರೀಡಿಂಗ್ ಸರಿಯಾಗಿ ಬರೆದಿದ್ದಾರಾ ಅಂತ ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಿ.