ಅವ್ವನ ನಿಶ್ಶಕ್ತಿಗೆ ಹಿತ್ತಲಲ್ಲಿ ಏನು ಹಾಕಬೇಕು?

ಅಣ್ಣಾ, ಅವ್ವನಿಗೆ ಎಪ್ಪತ್ತು ದಾಟಿದೆ, ಸೊರಗುತ್ತಿದ್ದಾರೆ, ಯಲಬುರ್ಗಾದ ಮನೆಯ ಹಿತ್ತಲಲ್ಲಿ ಯಾವ ಹಣ್ಣು-ತರಕಾರಿ ಹಾಕಿದರೆ ಶಕ್ತಿ ಬರುತ್ತದೆ ಅಂತ ಕೇಳಿದ್ದೀರಿ.

ವಯಸ್ಸಾಯಿತು, ಸುಸ್ತು ಇದ್ದದ್ದೇ ಅಂತ ಬಿಡಬೇಡಿ. ಸುಮ್ನೆ ತೂಕ ಇಳಿಯುವುದು, ಸದಾ ದಣಿವು, ಕೈಹಿಡಿತ ಸಡಿಲ, ನಡಿಗೆ ನಿಧಾನ, ಓಡಾಟ ಕಡಿಮೆ. ಈ ಐದರಲ್ಲಿ ಮೂರು ಕಂಡರೆ ದೇಹ ಕುಗ್ಗಿದೆ ಅಂತ ವೈದ್ಯರು ಲೆಕ್ಕ ಹಿಡಿಯುತ್ತಾರೆ. 2001ರಿಂದ ಬಳಕೆಯಲ್ಲಿರುವ ಅಳತೆ ಇದು. ತೂಕ ಇಳಿದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಸಸಿ ತನ್ನಿ.

ಹಣ್ಣು-ತರಕಾರಿಗೂ ಇದಕ್ಕೂ ನಂಟು ಇದೆ. ಸ್ಪೇನ್, ಫ್ರಾನ್ಸ್‌ನ ಹಿರಿಯರನ್ನು ಗಮನಿಸಿ 2016ರಲ್ಲಿ ಬಂದ ಅಧ್ಯಯನದಲ್ಲಿ, ಎರಡನ್ನೂ ಜಾಸ್ತಿ ತಿನ್ನುವವರು ಹೀಗೆ ಕುಗ್ಗಿದ್ದು ಕಡಿಮೆ. ಆದರೆ ಗಟ್ಟಿ ಇರುವವರೇ ಚೆನ್ನಾಗಿ ತಿಂದಿರಲೂಬಹುದು, ಅಲ್ವಾ? ಅದಕ್ಕೇ ನಾನು ಇದನ್ನು ಔಷಧಿ ಅನ್ನಲ್ಲ. ಮಾಂಸಖಂಡಕ್ಕೆ ಬೇಳೆ, ಹಾಲು, ಮೊಟ್ಟೆ ಬೇಕೇ ಬೇಕು.

ನಮ್ಮ ಕಡೆ ತೊಡಕೆಲ್ಲ ಹಲ್ಲಿನದು. ಹಲ್ಲು ಹೋದ ಮೇಲೆ ರೊಟ್ಟಿ, ಹಸಿ ಹಕ್ಕರಕಿ, ಮೂಲಂಗಿ, ಸವತಿಕಾಯಿ ಎಲ್ಲಾ ಬಿಟ್ಟು ಅನ್ನ-ಸಾರಿಗೆ ನಿಲ್ಲುತ್ತಾರೆ. ಹಿತ್ತಲು ತುಂಬಾ ಹಸಿರಿದ್ದರೂ ಅವರ ತಾಟಿಗೆ ಬರಲ್ಲ. ಹಾಗಾಗಿ ಮೆತ್ತಗಾಗುವುದನ್ನೇ ಬೆಳೆಯಿರಿ. ನುಗ್ಗೆ, ಪುಂಡಿ ಸೊಪ್ಪು, ಪಪ್ಪಾಯಿ ಸಾಕು.

ನುಗ್ಗೆ ಮೂರಡಿ ಬಂದಾಗ ಕುಡಿ ಚಿವುಟಿ. ಕವಲೊಡೆದು ಸೊಪ್ಪು ಕೈಗೆಟುಕುತ್ತದೆ, ಅವ್ವನೇ ಬಿಡಿಸಿಕೊಳ್ಳಬಹುದು. ನಾಲ್ಕು ಹೆಜ್ಜೆ ಓಡಾಟವೂ ಆಯಿತು. ನಿಮ್ಮದು ಎರೆ ಮಣ್ಣು, ಪಪ್ಪಾಯಿಯನ್ನು ದಿಬ್ಬ ಏರಿಸಿ ನೆಡಿ. ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಪುಂಡಿಗೆ ಅಂಥ ಆರೈಕೆ ಏನೂ ಬೇಡ. ತೊಗರಿ ಬೇಳೆ, ಒಂದು ಹಿಡಿ ಜೋಳದ ನುಚ್ಚು ಹಾಕಿ ಮೆತ್ತಗೆ ಬೇಯಿಸಿ, ಕಡಗೋಲಿಂದ ಮಸೆದು, ಬಳ್ಳೊಳ್ಳಿ ಒಗ್ಗರಣೆ ಕೊಡಿ. ರೊಟ್ಟಿ ಮುರಿದು ಅದರಲ್ಲಿ ನೆನೆಯಲು ಬಿಟ್ಟರೆ ಹಲ್ಲಿಲ್ಲದವರೂ ತಿನ್ನುತ್ತಾರೆ. ಬೇಳೆಯೂ ಒಳಗೆ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹಣ್ಣು-ತರಕಾರಿ ಸೇರಿ ದಿನಕ್ಕೆ 400 ಗ್ರಾಂ ಅನ್ನುತ್ತದೆ. ಆಲೂಗಡ್ಡೆ ಲೆಕ್ಕಕ್ಕಿಲ್ಲ. ಒಂದೇ ಊಟಕ್ಕೆ ಒತ್ತಾಯ ಮಾಡಬೇಡಿ. ಬೆಳಿಗ್ಗೆ ಪಪ್ಪಾಯಿ, ಎರಡು ಹೊತ್ತು ಪಲ್ಯ, ಸಂಜೆ ಮಾಗಿದ ಬಾಳೆಹಣ್ಣು, ಹೀಗೆ ಹಂಚಿ.

ಸಕ್ಕರೆ ಕಾಯಿಲೆ ಇದ್ದರೆ ಜ್ಯೂಸ್ ಬೇಡ, ಹಣ್ಣನ್ನೇ ಅಳತೆಯಲ್ಲಿ ಕೊಡಿ. ಕಿಡ್ನಿ ತೊಂದರೆ ಇದ್ದರೆ, ಇಲ್ಲವೇ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ನುಂಗುತ್ತಿದ್ದರೆ, ಸೊಪ್ಪು ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಅವ್ವ ಯಾವ ಮಾತ್ರೆ ತಗೊಳ್ತಾರೆ ಅಂತ ನೀವು ಬರೆದಿಲ್ಲ. ಚೀಟಿ ನೋಡಿ ಹೇಳಿ.