ನೆಂಟರು ಬಂದರೆ ಒಳಗೆ ಓಡುವ ಮಗುವಿಗೆ ಯಾವ ಆ್ಯಪ್?

ಅಕ್ಕಾ, ಮಗನಿಗೆ ಆರು ವರ್ಷ, ನೆಂಟರು ಬಂದರೆ ಒಳಗೆ ಓಡುತ್ತಾನೆ, ಶಾಲೆಯಲ್ಲಿ ತನ್ನ ಸರದಿ ಬರುವವರೆಗೆ ಕಾಯುವುದಿಲ್ಲ, ಇದನ್ನು ಕಲಿಸುವ ಆ್ಯಪ್ ಇದ್ದರೆ ಹೇಳಿ ಅಂತ ಕೇಳಿದ್ದೀರಿ. ನಮ್ಮ ಮಗಳೂ ಹೀಗೇ ಇದ್ದಳು. ನಮ್ಮದು ಸಿರ್ಸಿಯಿಂದ ಒಳಗೆ, ತೋಟದ ಮನೆ. ಪಕ್ಕದ ಮನೆಗೆ ಹೋಗಲು ಒಂದು ಗುಡ್ಡ ಹತ್ತಿ ಇಳಿಯಬೇಕು. ಮಳೆಗಾಲ ಪೂರ್ತಿ ಅವಳಿಗೆ ಆಡಲು ಜೊತೆಯೇ ಇರಲಿಲ್ಲ. ಮಾತಾಡುವ ರೂಢಿ ಎಲ್ಲಿಂದ ಬರಬೇಕು?

ರೆಡಿ ಸಿಗುವ ಆ್ಯಪ್ ಒಂದೆರಡು ನೋಡಿದೆ. ನಗುವ ಮುಖ ಯಾವುದು, ಅಳುವ ಮುಖ ಯಾವುದು ಅಂತ ಕೇಳುತ್ತವೆ. ಸರಿಯಾಗಿ ಒತ್ತಿದರೆ ನಕ್ಷತ್ರ. ಎರಡೇ ದಿನಕ್ಕೆ ಮಗಳು ಎಲ್ಲವನ್ನೂ ಸರಿ ಒತ್ತಿದಳು. ಆದರೆ ಪಕ್ಕದಲ್ಲೇ ತಮ್ಮ ಅಳುತ್ತಿದ್ದರೆ ತಿರುಗಿ ನೋಡಲಿಲ್ಲ. ಮಾತೂ ಇಂಗ್ಲಿಷಿನದು. ನಮ್ಮಲ್ಲಿ ಬಂದವರಿಗೆ 'ಬನ್ನಿ, ಕೂತ್ಕೊಳ್ಳಿ, ಆಸ್ರಿಗೆ (ಕುಡಿಯಲು) ಎಂತ ಬೇಕು?' ಅಂತ ಕೇಳುವುದಲ್ವಾ? ಅದು ಅವುಗಳಲ್ಲಿ ಎಲ್ಲಿ ಸಿಗುತ್ತದೆ?

ನಮಗೆ ಉಪಯೋಗಕ್ಕೆ ಬಂದದ್ದು ಸ್ಕ್ರ್ಯಾಚ್ ಜೂನಿಯರ್, ಅಂದರೆ ಪರದೆಯ ಮೇಲೆ ಗೊಂಬೆಗಳನ್ನು ಓಡಾಡಿಸಿ, ಮಾತಾಡಿಸಿ ಮಕ್ಕಳೇ ಕಥೆ ಕಟ್ಟುವ ಆ್ಯಪ್. 2014ರಲ್ಲಿ ಬಂದದ್ದು, 5ರಿಂದ 7 ವರ್ಷದವರಿಗೆ ಅಂತಲೇ ಮಾಡಿದ್ದು. ದುಡ್ಡು ಕೊಡಬೇಕಿಲ್ಲ. ಗೊಂಬೆ ಏನು ಮಾಡಬೇಕು ಅನ್ನುವುದನ್ನು ಚಿತ್ರದ ತುಂಡುಗಳನ್ನು ಜೋಡಿಸಿ ಹೇಳುವುದು, ಓದಲು ಬರದಿದ್ದರೂ ನಡೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಮಳೆಗಾಲದಲ್ಲಿ ನಮ್ಮ ಕಡೆಯವರಿಗೆ ಅದೇ ದೊಡ್ಡ ಅನುಕೂಲ. ಟ್ಯಾಬ್ ಇದ್ದರೆ ಒಳ್ಳೆಯದು.

ಒಂದು ಕಥೆಗೆ ನಾಲ್ಕು ಪುಟದವರೆಗೆ ಸಿಗುತ್ತದೆ. ನಮ್ಮ ಜಗಲಿಯನ್ನು ಮಗಳೇ ಬಿಡಿಸಿದಳು. ಗೊಂಬೆಗೆ ತನ್ನದೇ ಮುಖದ ಫೋಟೋ ಹಾಕಿಕೊಂಡಳು. ನೆಂಟರ ಮಾತು ನನ್ನ ದನಿಯಲ್ಲಿ, ಉತ್ತರ ಅವಳ ದನಿಯಲ್ಲಿ. 'ಆಸ್ರಿಗೆ ಬೇಕಾ?' ಅನ್ನುವುದನ್ನು ಏಳೆಂಟು ಸಲ ರೆಕಾರ್ಡ್ ಮಾಡಿದಳು, ಸಾಕಾಗದೆ ಮತ್ತೆ ಅಳಿಸಿ ಮಾಡಿದಳು. ನಾನು ಬಾಯಲ್ಲಿ ಹೇಳಿಕೊಟ್ಟಿದ್ದರೆ ಎರಡನೇ ಸಲಕ್ಕೇ ಮುಖ ತಿರುಗಿಸುತ್ತಿದ್ದಳು.

ಸರದಿ ಕಾಯುವುದನ್ನು ಕಲಿಸಲು ಇದರಲ್ಲಿ ಒಂದು ಚಂದದ ದಾರಿ ಇದೆ. ಎರಡೂ ಗೊಂಬೆಗಳಿಗೆ 'ಶುರು ಮಾಡು' ಅನ್ನುವ ಹಸಿರು ಬಾವುಟದ ತುಂಡು ಕೊಟ್ಟರೆ ಇಬ್ಬರೂ ಒಟ್ಟಿಗೇ ಶುರು ಮಾಡುತ್ತಾರೆ, ಯಾರ ಮಾತೂ ತಿಳಿಯುವುದಿಲ್ಲ. ಮೊದಲು ಬೇಕಂತಲೇ ಹಾಗೇ ಮಾಡಿ ತೋರಿಸಿ. ಆಮೇಲೆ ಒಂದು ಗೊಂಬೆಯಿಂದ ಇನ್ನೊಂದಕ್ಕೆ ಸಂದೇಶ ಕಳಿಸುವ ಬಣ್ಣದ ಲಕೋಟೆಯ ತುಂಡು ತೋರಿಸಿ. ಒಬ್ಬನ ಮಾತು ಮುಗಿದ ಮೇಲೆ ಲಕೋಟೆ ಹೋಗುತ್ತದೆ, ಅದು ಬಂದ ಮೇಲೇ ಇನ್ನೊಬ್ಬ ಬಾಯಿ ಬಿಡುತ್ತಾನೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಮಗಳು ತಮ್ಮನಿಗೆ 'ಲಕೋಟೆ ಇನ್ನೂ ಬರಲಿಲ್ಲ' ಅನ್ನುತ್ತಾಳೆ.

ಆದರೆ ಟ್ಯಾಬ್ ಕೊಟ್ಟು ನೀವು ಕೊಟ್ಟಿಗೆ ಕೆಲಸಕ್ಕೆ ಹೋಗಬೇಡಿ, ದಯವಿಟ್ಟು. ಅರ್ಧ ಗಂಟೆ ಜೊತೆಗೆ ಕೂತು ಮಾಡಿ, ಅದೇ ಸಂಜೆ ಟ್ಯಾಬ್ ಬದಿಗಿಟ್ಟು ಜಗಲಿಯಲ್ಲಿ ನಿಜವಾಗಿ ಆಡಿ. ತಮ್ಮ, ತಂಗಿ ಇದ್ದರೆ ಹುಷಾರು. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕಡಿಮೆಯಾದಷ್ಟೂ ಒಳ್ಳೆಯದು.

ಇನ್ನೊಂದು ಮಾತು. ಹೆಸರು ಕರೆದರೆ ತಿರುಗದಿದ್ದರೆ, ಮಾತೇ ಸರಿಯಾಗಿ ಬಾರದಿದ್ದರೆ ಅದು ನಾಚಿಕೆ ಅಂತ ಸುಮ್ನೆ ಕೂರಬೇಡಿ. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಇಂಥ ಮಕ್ಕಳನ್ನು ನೋಡುತ್ತಾರೆ.

ಮೈಕ್, ಕ್ಯಾಮೆರಾ ಅನುಮತಿ ಕೇಳಿದಾಗ ಕೊಡಿ, ಇಲ್ಲದಿದ್ದರೆ ದನಿ ಹಿಡಿಯುವುದಿಲ್ಲ. ಮೊದಲ ಕಥೆಯಲ್ಲಿ ಮಗನೇ ನೆಂಟನಾಗಲಿ, ಒಳಗೆ ಓಡುವ ಮಗು ನೀವಾಗಿ. ಓಡಿಹೋದವರನ್ನು ಹೇಗೆ ಹೊರಗೆ ಕರೆಯಬೇಕು ಅಂತ ಅವನನ್ನೇ ಕೇಳಿ.