ಕರ್ನಲ್ ಗೊಣಗಿದರೆ ಗಾಬರಿಯಾಗಬೇಕೇ?

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಲಿನಕ್ಸ್ ಇದೆ. ಡಿಸ್ಕ್ ತುಂಬಿತು ಎಂದು ನೋಡಿದರೆ ಯಂತ್ರದ ಆಗುಹೋಗು ದಾಖಲಿಸುವ ಸಿಸ್‌ಲಾಗ್ ಫೈಲೇ ಹತ್ತಾರು ಜಿಬಿ. ಒಳಗೆ ಒಂದೇ ರಾಗ: “ಪಿಸಿಐಇ ಬಸ್ ಎರರ್: ಸಿವಿಯಾರಿಟಿ=ಕರೆಕ್ಟೆಡ್, ಟೈಪ್=ಫಿಸಿಕಲ್ ಲೇಯರ್”. ಮದರ್‌ಬೋರ್ಡ್ ಹೋಯಿತೇ?
– ಓದುಗರು, ಹಾಸನ

ಉತ್ತರ: ಇದೊಂದೇ ಸಾಲು ನೋಡಿ ಹಾಗೆ ತೀರ್ಮಾನಿಸಬೇಡಿ. ಇಲ್ಲಿ ಮುಖ್ಯವಾದದ್ದು ‘ಎರರ್’ ಅಲ್ಲ, ‘ಕರೆಕ್ಟೆಡ್’. ಪಿಸಿಐಇ ಅಂದರೆ ಕಾರ್ಡ್‌ಗಳನ್ನು ಮದರ್‌ಬೋರ್ಡ್‌ಗೆ ಜೋಡಿಸುವ ದಾರಿ. ಅದರ ತಂತಿಯಲ್ಲಿ ಸಂಕೇತ ಕೆಟ್ಟಿತು, ಹಾರ್ಡ್‌ವೇರೇ ಸರಿಪಡಿಸಿಕೊಂಡಿತು, ಡೇಟಾ ಕಳೆದಿಲ್ಲ. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಬರೀ ವರದಿ ಒಪ್ಪಿಸುತ್ತಿದೆ. ‘ಅನ್‌ಕರೆಕ್ಟೆಡ್’ ಎಂದಿದ್ದರೆ ಮಾತೇ ಬೇರೆ.

ಸಾಲಿನಲ್ಲಿ 00:1ಸಿ.5 ಎಂಬಂಥ ವಿಳಾಸ ಇರುತ್ತದೆ. ಅದು ಸಾಮಾನ್ಯವಾಗಿ ಪೋರ್ಟ್‌ನದು. ಅದರ ಆಚೆ ಕೂತಿರುವವರು ಯಾರು ಎಂಬುದು ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಟಿವಿ’ ಆದೇಶ ಕೊಟ್ಟರೆ ತಿಳಿಯುತ್ತದೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ವೈಫೈ ಕಾರ್ಡ್. ಕೆಲಸವಿಲ್ಲದಾಗ ಲಿಂಕ್ ಅನ್ನು ಮಲಗಿಸಿ ವಿದ್ಯುತ್ ಉಳಿಸುವ ಎಎಸ್‌ಪಿಎಂ ಎಂಬ ವ್ಯವಸ್ಥೆ ಇದೆ. ಮಲಗಿದ ಲಿಂಕ್ ಏಳುವಾಗ ಈ ತಪ್ಪುಗಳು ಹುಟ್ಟುವುದು ಹೆಚ್ಚು.

ಪರೀಕ್ಷಿಸುವುದು ಸುಲಭ. ಬೂಟ್ ಆಗುವಾಗಿನ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ಪಿಸಿಐಇ_ಎಎಸ್‌ಪಿಎಂ=ಆಫ್’ ಸೇರಿಸಿ ಎಫ್10 ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ. ಗೊಣಗಾಟ ನಿಂತರೆ ಅದನ್ನೇ ಗ್ರಬ್ ಸಂರಚನೆಯಲ್ಲಿ ಬರೆದು ‘ಅಪ್‌ಡೇಟ್-ಗ್ರಬ್’ ನಡೆಸಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು. ನಿಲ್ಲದಿದ್ದರೆ ಕಾರ್ಡ್ ಬಿಚ್ಚಿ ಮತ್ತೆ ಕೂರಿಸಿ, ಬಯೋಸ್ (ಮದರ್‌ಬೋರ್ಡ್‌ನೊಳಗಿನ ತಂತ್ರಾಂಶ) ಹೊಸದು ಹಾಕಿ. ಅಂತರ್ಜಾಲದಲ್ಲಿ ಎಲ್ಲರೂ ಹೇಳುವ ‘ಪಿಸಿಐ=ನೋಎಇಆರ್’ ಈ ವರದಿಯನ್ನೇ ನಿಲ್ಲಿಸುತ್ತದೆ. ಅದು ರೋಗಕ್ಕೆ ಮದ್ದಲ್ಲ, ರೋಗಿಯ ಬಾಯಿ ಮುಚ್ಚಿಸುವ ಮದ್ದು: ನಾಳೆ ಅನ್‌ಕರೆಕ್ಟೆಡ್ ತಪ್ಪು ಬಂದರೂ ನಿಮಗೆ ಗೊತ್ತಾಗುವುದಿಲ್ಲ.

ಅಂದಹಾಗೆ, ಸಿಸ್‌ಲಾಗ್ ಫೈಲನ್ನು ಅಳಿಸಬೇಡಿ. ಲಾಗ್ ಸೇವೆ ಅದನ್ನು ತೆರೆದೇ ಇಟ್ಟುಕೊಂಡಿರುವುದರಿಂದ ಫೈಲ್ ಮಾಯವಾದರೂ ಜಾಗ ಸಿಗುವುದಿಲ್ಲ. ‘ಟ್ರಂಕೇಟ್ -ಎಸ್ 0’ ಕೊಟ್ಟು ಖಾಲಿ ಮಾಡಿ.

ಪ್ರಶ್ನೆ: “ಉಹ್ಹುಹ್. ಎನ್‌ಎಂಐ ರಿಸೀವ್ಡ್ ಫಾರ್ ಅನ್‌ನೋನ್ ರೀಸನ್ 3ಡಿ”, ಆಮೇಲೆ “ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್, ಬಟ್ ಟ್ರೈಯಿಂಗ್ ಟು ಕಂಟಿನ್ಯೂ”. ಯಾರಾದರೂ ತಮಾಷೆ ಮಾಡುತ್ತಿದ್ದಾರೆಯೇ? ಒಮ್ಮೊಮ್ಮೆ 2ಡಿ ಎಂದೂ ಬರುತ್ತದೆ.
– ಓದುಗರು, ಧಾರವಾಡ

ಉತ್ತರ: ಧಾಟಿ ತಮಾಷೆಯದು, ಸಂದೇಶ ಅಸಲಿ. ಎನ್‌ಎಂಐ ಅಂದರೆ ಪ್ರೊಸೆಸರ್ ತಡೆಹಿಡಿಯಲಾಗದ ತುರ್ತು ಕರೆ. ಕರೆದವರು ಯಾರೆಂದು ಗೊತ್ತಾಗದಿದ್ದಾಗ ಕರ್ನಲ್ 61 ಹೆಕ್ಸ್ ಪೋರ್ಟ್‌ನ ಒಂದು ಬೈಟ್ ಓದುತ್ತದೆ. ಅದರಲ್ಲಿ (ಬಲದಿಂದ, ಸೊನ್ನೆಯಿಂದ ಶುರುಮಾಡಿ ಎಣಿಸಿದರೆ) 7ನೇ ಬಿಟ್ ಎದ್ದಿದ್ದರೆ, ಅಂದರೆ 1 ಆಗಿದ್ದರೆ, ಮೆಮೊರಿ ಅಥವಾ ಬಸ್‌ನ ಗಂಭೀರ ದೋಷ, 6ನೆಯದು ಎದ್ದಿದ್ದರೆ ವಿಸ್ತರಣಾ ಕಾರ್ಡ್‌ನ ದೂರು. 3ಡಿ ಎಂದರೆ ಬಿಟ್‌ಗಳಲ್ಲಿ 00111101: ಆ ಎರಡೂ ಸೊನ್ನೆ. ಹಾಗಾಗಿಯೇ ‘ಅನ್‌ನೋನ್’. 2ಡಿಗೂ 3ಡಿಗೂ ವ್ಯತ್ಯಾಸ 4ನೇ ಬಿಟ್ ಮಾತ್ರ. ಅದು ಮೆಮೊರಿ ರಿಫ್ರೆಶ್ ಜೊತೆ ಸದಾ ಮೇಲೆಕೆಳಗೆ ಆಗುತ್ತಿರುತ್ತದೆ. ಆ ಸಂಖ್ಯೆಗಳನ್ನು ಹಿಡಿದು ಹುಡುಕಿ ಪ್ರಯೋಜನವಿಲ್ಲ.

ಅಪರೂಪಕ್ಕೊಮ್ಮೆ ಬಂದು ಯಂತ್ರ ಓಡುತ್ತಲೇ ಇದ್ದರೆ ಬಯೋಸ್ ಅಪ್‌ಡೇಟ್ ಮಾಡಿ ಸುಮ್ಮನಿರಿ. ಜೊತೆಗೆ ಯಂತ್ರ ಹೆಪ್ಪುಗಟ್ಟಿದರೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ ಓಡಿಸಿ, ಹೊಸದಾಗಿ ಹಾಕಿದ ಕಾರ್ಡ್ ಇದ್ದರೆ ತೆಗೆದು ನೋಡಿ. ಸರ್ವರ್ ಆದರೆ ಹಾರ್ಡ್‌ವೇರ್ ಘಟನೆಗಳ ದಾಖಲೆ ತೋರಿಸುವ ‘ಐಪಿಎಂಐಟೂಲ್ ಎಸ್‌ಇಎಲ್ ಲಿಸ್ಟ್’ನಲ್ಲಿ ಅದೇ ಹೊತ್ತಿನ ದಾಖಲೆ ಇದೆಯೇ ಹುಡುಕಿ.

ಪ್ರಶ್ನೆ: “ಎಟಿಎ3.00: ಫೇಲ್ಡ್ ಕಮಾಂಡ್: ರೀಡ್ ಎಫ್‌ಪಿಡಿಎಂಎ ಕ್ಯೂಡ್”. ಹಾರ್ಡ್‌ಡಿಸ್ಕ್ ಬದಲಿಸಬೇಕೇ?
– ಓದುಗರು, ಮಂಗಳೂರು

ಉತ್ತರ: ಆ ಸಾಲಲ್ಲಿ ಉತ್ತರವಿಲ್ಲ, ಅದರ ಕೆಳಗಿನ ‘ಎರರ್’ ಸಾಲಲ್ಲಿದೆ. ‘ಐಸಿಆರ್‌ಸಿ ಎಬಿಆರ್‌ಟಿ’ ಎಂದಿದ್ದರೆ ಡೇಟಾ ದಾರಿಯಲ್ಲಿ ಕೆಟ್ಟಿದೆ; ಮೊದಲ ಅನುಮಾನ ಡಿಸ್ಕ್ ಜೋಡಿಸುವ ಸಾಟಾ ಕೇಬಲ್ ಮೇಲೆ. ‘ಸ್ಮಾರ್ಟ್‌ಸಿಟಿಎಲ್ -ಎ’ ಪಟ್ಟಿಯಲ್ಲಿ (ಇಲ್ಲಿ ಎ ದೊಡ್ಡಕ್ಷರ) 199 ಎಂಬ ಸಂಖ್ಯೆಯಿಂದ ಶುರುವಾಗುವ ಸಾಲಿನ ಎಣಿಕೆ (ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕ) ಬರೆದಿಟ್ಟುಕೊಂಡು ಕೇಬಲ್ ಬದಲಿಸಿ. ಆ ಎಣಿಕೆ ಸೊನ್ನೆಗೆ ಮರಳುವುದಿಲ್ಲ; ಮತ್ತೆ ಏರದಿದ್ದರೆ ಸಾಕು. ‘ಯುಎನ್‌ಸಿ’ ಎಂದಿದ್ದರೆ ಡಿಸ್ಕ್‌ಗೆ ಆ ಸೆಕ್ಟರ್ ಓದಲು ಆಗುತ್ತಿಲ್ಲ. ಸಾಮಾನ್ಯವಾಗಿ 197 ಸಂಖ್ಯೆಯ ಸಾಲಿನ ಎಣಿಕೆಯೂ ಏರಿರುತ್ತದೆ. ಆಗ ಫೈಲ್ ವ್ಯವಸ್ಥೆ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ನಡೆಸಲು ಹೋಗಬೇಡಿ, ಅದು ಸಾಯುತ್ತಿರುವ ಡಿಸ್ಕ್ ಮೇಲೆ ಬರೆಯುತ್ತದೆ. ಪಾರ್ಟಿಷನ್ ಅನ್‌ಮೌಂಟ್ ಮಾಡಿ (ಬಳಕೆಯಿಂದ ಬಿಡಿಸಿ), ಕೆಟ್ಟ ಡಿಸ್ಕ್‌ನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕನ್ನು ಬೇರೊಂದಕ್ಕೆ ನಕಲಿಸಿ. ರಿಪೇರಿ ಏನಿದ್ದರೂ ಆ ನಕಲಿನ ಮೇಲೆ.